ಹಿರಿಯ ಪಾನಾಕ್ಕೆ ಮೊದಲ ಹೂವು

ಮಗ ಜಹೀರಾಬಾದಿನ ಗುಜರಿ ಅಂಗಡಿಯಿಂದ ನಟ್ಟು ತಿರುಗಿಸುವ ಹಳೆಯ ರ‍್ಯಾಚೆಟ್ ಪಾನಾ ಒಂದನ್ನು ತಂದು ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದ. ಆ ಎಣ್ಣೆ, ತುಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮೇಸ್ತ್ರಿ ಕಾಕಾ ನೆನಪಾದ. ಪ್ರೀತಿಯಿಂದಲ್ಲ. ಅವನ ಹೆಸರನ್ನು ಬಾಯಿಗೆ ತರುವುದಿಲ್ಲವೆಂದು ಎಂದೋ ಆಣೆ ಹಾಕಿಕೊಂಡವಳು ನಾನು.

ನಿಜಾಮನ ಕಾಲ, ಎರಡನೇ ಮಹಾಯುದ್ಧದ ಲಡಾಯಿ ನಡೆದಿತ್ತು. ತಾಂಡೂರಿನ ಹತ್ತಿ ಮಿಲ್ಲಿನಲ್ಲಿ ಅವನು ಹೆಡ್ ಮೇಸ್ತ್ರಿ. ನಮ್ಮಣ್ಣ ಅವನ ಕೈಕೆಳಗೆ ಫಿಟ್ಟರ್; ನಾನು ಹತ್ತಿ ಆರಿಸುವ ಹೆಂಗಸರಲ್ಲಿ ಒಬ್ಬಳು. ತೀರಿಹೋದ ಅಪ್ಪನ ಗೆಳೆಯನಾದ್ದರಿಂದ ನಮಗೆ ಕಾಕಾ. ನಮ್ಮ ಮನೆಯ ಜೋಳದ ರೊಟ್ಟಿ, ಪುಂಡಿಪಲ್ಯ ಎಷ್ಟು ತಿಂದನೋ! ಉಂಡು ಕಟ್ಟೆಯ ಮೇಲೆ ಕೂತು, ಅಪ್ಪ ಬಿಟ್ಟುಹೋದ ಪಾನಾಕ್ಕೆ ವಿಭೂತಿ ತಿಕ್ಕಿ ಒರೆಸುತ್ತಿದ್ದ. ಸವೆದ ಗುರುತಿನಲ್ಲಿ ಬೂದಿ ನಿಂತು, ಅದನ್ನು ಮಾಡಿದ ಕಂಪನಿಯ ಓಡುವ ಕುದುರೆ ಬೆಳ್ಳಗೆ ಎದ್ದು ಕಾಣುತ್ತಿತ್ತು. "ನೋಡವ್ವಾ, ಕುದುರಿ ಕೆಳಗ ನಂಬರ್ ಇಲ್ಲಂದ್ರ ಮೊದಲಿನ ಲಡಾಯಿಗಿಂತ ಹಿಂದಿಂದು. ನಂಬರ್ ಇದ್ರ ಆಮ್ಯಾಲಿಂದು. ಈಗಿನ ಲಡಾಯಿವು ಕರೇವು, ಹೊಳಪೇ ಇರಂಗಿಲ್ಲ" ಎನ್ನುತ್ತಿದ್ದ.

ಮಿಲ್ಲಿನ ಪಾನಾಗಳೂ ಅದೇ ಕುದುರೆ ಕಂಪನಿಯವು. ಒಂದು ಕಾಣೆಯಾಯಿತು. ಅಣ್ಣನ ಜಾಗಕ್ಕೆ ತನ್ನ ಅಳಿಯನನ್ನು ತರಬೇಕೆಂದು ಕಾದಿದ್ದ ಈ ಮಹಾನುಭಾವ, ಅಣ್ಣನ ಚೀಲದಿಂದ ಅಪ್ಪನ ಪಾನಾ ತೆಗೆದು ಮಾಲಕರ ಮುಂದೆ ಹಿಡಿದ.

"ಕಾಕಾ, ಇದು ಯಾರದಂತ ನಿನಗ ಗೊತ್ತಿಲ್ಲೇನು?" ಎಂದು ಅಣ್ಣ ಅಂಗಲಾಚಿದ.

"ಮಿಲ್ಲಿಂದೇ ಅದರಿ ಮಾಲಕರ. ಮಿಲ್ಲು ಸುರು ಆದಾಗ ಹೊಸಾದು ತಂದದ್ದು" ಎಂದ, ಕಣ್ಣು ಮಿಟುಕಿಸದೆ. ಗುರುತಿನ ವಿಷಯದಲ್ಲಿ ಅವನ ಮಾತಿಗೆ ಎದುರಿರಲಿಲ್ಲ.

ಅಪ್ಪನ ಪಾನಾ ಮಿಲ್ಲಿನ ಹತಾರಗಳ ಜೊತೆ ಸೇರಿತು; ಅಣ್ಣನನ್ನು ಕಳ್ಳನೆಂದು ಗೇಟಿನ ಹೊರಗೆ ದಬ್ಬಿದರು. ಊರಿಗೆ ಮುಖ ತೋರಿಸಲಾರದೆ ಅವನು ಸೊಲ್ಲಾಪುರದ ರೈಲು ಹತ್ತಿದ... ನಾನು ಅಳಲಿಲ್ಲ. ಹಲ್ಲು ಕಚ್ಚಿ ದಸರೆಗೆ ಕಾದೆ.

ನಮ್ಮ ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಹತಾರಗಳನ್ನು ತೊಳೆದು, ವಿಭೂತಿ ಹಚ್ಚಿ, ಹಲಗೆಯ ಮೇಲೆ ಸಾಲಾಗಿ ಇಡುವುದು ಹೆಂಗಸರ ಕೆಲಸ. ಎಲ್ಲಕ್ಕಿಂತ ಹಿರಿಯ ಹತಾರಕ್ಕೆ ಮೊದಲ ಹೂವು. ಯಾವುದು ಹಿರಿಯದೆಂದು ಗುರುತು ನೋಡಿ ಹೇಳುವವನು ಮೇಸ್ತ್ರಿ. ಆಗ ಅವನ ಜಂಭ ನೋಡಬೇಕು! ಆ ವರ್ಷ ನಾನೇ ಮುಂದೆ ಬಿದ್ದು ಕೆಲಸ ಹಿಡಿದೆ. ಅಪ್ಪನ ಪಾನಾವನ್ನು ಬೇಕೆಂದೇ ಸಾಲಿನ ಕೊನೆಗೆ, ಸುತ್ತಿಗೆಗಳ ಆಚೆ ಇಟ್ಟೆ.

ಅವನಿಗೆ ತಡೆಯಲಾಗಲಿಲ್ಲ. "ಏ ಖೋಡಿ, ಹಿರೇದನ್ನ ಕಡೀಕ ಇಡ್ತಾರೇನು? ಕುದುರಿ ಕೆಳಗ ನಂಬರ್ ಅದ ಏನು ನೋಡು! ಮೊದಲಿನ ಲಡಾಯಿಗಿಂತ ಹಿಂದಿಂದು ಇದು!" ಎಂದು ಎಲ್ಲರಿಗೂ ಕೇಳುವಂತೆ ಸಾರಿ, ತಾನೇ ಹೂವು ಏರಿಸಿದ.

ನಾನು ಮಾಲಕರ ಕಡೆ ತಿರುಗಿದೆ. "ಮಿಲ್ಲು ಸುರು ಆಗಿದ್ದು ಆ ಲಡಾಯಿ ಮುಗದ ಮ್ಯಾಲಲ್ಲೇನ್ರಿ? ಆವಾಗ ಹೊಸಾದು ತಂದದ್ದು ಅದಕಿಂತ ಹಿಂದ ಹೆಂಗ ಹುಟ್ಟತದ?"

ಅವನ ಮುಖದ ರಕ್ತ ಇಳಿದದ್ದನ್ನು ನಾನು ಕಣ್ಣು ತುಂಬ ನೋಡಿದೆ.

"ಯಾರ ಪಾನಾ ಅದು? ನಿನ್ನ ಬಾಯಿಲೇ ಹೇಳು, ಕಾಕಾ" ಎಂದೆ.

"ನಿಮ್ಮಪ್ಪಂದು..." ಎಂದ.

ಮಾಲಕರು ಅವನನ್ನು ಅಲ್ಲೇ ಕೆಲಸದಿಂದ ಕಿತ್ತುಹಾಕಿದರು. ತಲೆ ತಗ್ಗಿಸಿ ಗೇಟು ದಾಟುತ್ತಿದ್ದವನಿಗೆ, "ತಲಿ ಎತ್ತಿ ನಡಿಯೋ, ಮಂದಿ ನಿನ್ನ ಮಾರಿ ನೋಡ್ಲಿ!" ಎಂದು ಕೂಗಿದೆ. ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ?

ಎಷ್ಟೋ ವರ್ಷಗಳ ಮೇಲೆ ಆ ಮೇಸ್ತ್ರಿ ತನ್ನೂರು ಕೊಹೀರಿನಲ್ಲಿ ಹಾಸಿಗೆ ಹಿಡಿದಾಗ, ಒಮ್ಮೆ ಬಂದು ಹೋಗೆಂದು ಹೇಳಿ ಕಳಿಸಿದ್ದ. "ಮೊದಲ ನಮ್ಮಣ್ಣನ್ನ ಕರಕೊಂಡು ಬರ್ಲಿ, ಆಮ್ಯಾಲ ಬರ್ತೀನಿ" ಎಂದೆ. ಅವನ ಮಣ್ಣಿಗೂ ಹೋಗಲಿಲ್ಲ.

ಸೊಲ್ಲಾಪುರಕ್ಕೆ ಹೋಗುವವರ ಕೈಯಲ್ಲೆಲ್ಲ ಹೇಳಿ ಕಳಿಸುತ್ತಿದ್ದೆ. ಅಣ್ಣ ಯಾರಿಗೂ ಸಿಗಲಿಲ್ಲ... ಸತ್ತ ಮೇಸ್ತ್ರಿಯ ಮೇಲೆ ಇನ್ನೂ ಎಂಥ ಸಿಟ್ಟು, ಬಿಟ್ಟುಬಿಡು ಎಂದು ಈಗ ಮಗ ಬುದ್ಧಿ ಹೇಳುತ್ತಾನೆ. ಏನನ್ನು ಬಿಡಲಿ? ಅಣ್ಣ ಕಳ್ಳನಲ್ಲವೆಂದು ಇಡೀ ತಾಂಡೂರಿಗೆ ಗೊತ್ತಾಯಿತು. ಅಣ್ಣನೊಬ್ಬನಿಗೆ ಗೊತ್ತಾಗಲಿಲ್ಲ.