ಏಳನೇ ಕ್ಲಾಸಿಗಾಗಿ ಎಂ.ಎಡ್.

ಎಂ.ಎಡ್. ಓದಲು ತಿರುವನಂತಪುರಕ್ಕೆ ಹೋಗುತ್ತೇನೆಂದು ನಾನು ಹೇಳಿದಾಗ ಅತ್ತೆಯವರು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಿ ನನ್ನನ್ನು ನೋಡಿದರು.

"ಈಗ ಯಾವ ಕ್ಲಾಸಿಗೆ ಪಾಠ ಹೇಳ್ತಿದ್ದೀಯಮ್ಮ?"

"ಏಳನೇ ಕ್ಲಾಸಿಗೆ."

"ಈ ಓದು ಮುಗಿಸ್ಕೊಂಡು ಬಂದ್ಮೇಲೆ?"

"ಆಗ್ಲೂ ಏಳನೇ ಕ್ಲಾಸಿಗೇ."

ಅತ್ತೆ ಮಗನ ಮುಖ ನೋಡಿದರು. "ಹಾಗಾದ್ರೆ ಹೋಗೋದು ಯಾಕೋ?"

ನನ್ನ ಯಜಮಾನರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅವರು ಎರ್ನಾಕುಲಂನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದರು. ಮೈಸೂರು ಬಿಟ್ಟು ಕೊಚ್ಚಿಗೆ ಬಂದ ಮೇಲೆ ನಾನು ಇಂಗ್ಲಿಷ್ ಮಾಧ್ಯಮದ ಶಾಲೆಯೊಂದರಲ್ಲಿ ಆರು, ಏಳನೇ ಕ್ಲಾಸುಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಆ ವಯಸ್ಸಿನ ಮಕ್ಕಳೆಂದರೆ ನನಗೆ ತುಂಬ ಇಷ್ಟ. ಸಣ್ಣವರ ಹಾಗೆ ಹೇಳಿದ್ದನ್ನೆಲ್ಲ ನಂಬುವುದಿಲ್ಲ, ದೊಡ್ಡವರ ಹಾಗೆ ನಂಬಿದಂತೆ ನಟಿಸುವುದೂ ಇಲ್ಲ. ಅವರು ಭಿನ್ನರಾಶಿಯ ಮುಂದೆ ಮಾತ್ರ ಯಾಕೆ ಹಾಗೆ ತಬ್ಬಿಬ್ಬಾಗುತ್ತಾರೆ ಎಂದು ಓದಿ ತಿಳಿಯಬೇಕು ಅನ್ನಿಸಿತ್ತು. ಇದನ್ನು ಅತ್ತೆಗೆ ಹೇಳಿದೆ. "ಅದಕ್ಕೆ ತಿರುವನಂತಪುರ ಯಾಕೆ, ಇವನನ್ನೇ ಕೇಳು. ಇವನೂ ತಬ್ಬಿಬ್ಬಾಗ್ತಿದ್ದ" ಎಂದರು. ಆದರೂ ಮನೆ ನೋಡಿಕೊಳ್ಳಲು ಒಪ್ಪಿದರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದ ನನ್ನ ಮಗಳು "ಅಮ್ಮ ಪೊಯ್ಕೋ" ಎಂದು ಧಾರಾಳವಾಗಿ ಅನುಮತಿ ಕೊಟ್ಟಳು. ಅಳುತ್ತಾಳೆಂದು ನಾನು ತಂದಿಟ್ಟಿದ್ದ ಚಾಕೊಲೇಟನ್ನು ಅಳದೆಯೇ ತಿಂದಳು.

ತಿರುವನಂತಪುರದ ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಸಿಕ್ಕವರು ಕಾಸರಗೋಡಿನ ಕನ್ನಡ ಶಾಲೆಯೊಂದರ ಟೀಚರು. ಅವರೂ ಎಂ.ಎಡ್.ಗೇ ಬಂದಿದ್ದರು. ಅವರಿಗೆ ಮಲಯಾಳ ನೀರು ಕುಡಿದ ಹಾಗೆ. ನನ್ನದೋ, ಮೀನು ತಿನ್ನದವಳು ಮೀನಿನ ಮಾರ್ಕೆಟ್ಟಿನ ಪಕ್ಕದಲ್ಲಿ ನಿಂತು ತರಕಾರಿ ಕೊಳ್ಳುವಾಗ ಕಲಿತ ಮಲಯಾಳ. ಇಷ್ಟು ಸಾಕು, ಚೀಲಕ್ಕೆ ಹಾಕಿ, ಇದು ಕೊಳೆತಿದೆ. ಕೊಚ್ಚಿಯ ಶಾಲೆಯಲ್ಲಿ ಎಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದುದರಿಂದ ಹೆಚ್ಚಿನದು ಬೇಕಾಗಿರಲಿಲ್ಲ.

ಇಲ್ಲಿ ಬೇಕಾಯಿತು. ಪ್ರಬಂಧಕ್ಕಾಗಿ ನಾನು ಮಲಯಾಳ ಮಾಧ್ಯಮದ ಹುಡುಗಿಯರ ಶಾಲೆಯೊಂದರಲ್ಲಿ ಏಳನೇ ಕ್ಲಾಸಿಗೆ ಭಿನ್ನರಾಶಿ ಪಾಠ ಮಾಡಬೇಕಿತ್ತು. ನನ್ನ ಮಾರ್ಗದರ್ಶಕರಾಗಿದ್ದ ಪ್ರೊಫೆಸರು ಹಿಂದಿನ ಬೆಂಚಿನಲ್ಲಿ ಕೂತು ನೋಡುವವರು. ಬೆಳ್ಳಗೆ ಇಸ್ತ್ರಿ ಮಾಡಿದ ಮುಂಡು ಪಂಚೆ, ಮೂಗಿನ ತುದಿಯಲ್ಲಿ ಕನ್ನಡಕ, ಮಾತು ಮೆಲ್ಲಗೆ. ಅವರ ಸಿದ್ಧಾಂತ ಒಂದೇ. ಮಕ್ಕಳಿಗೆ 'ತಪ್ಪು' ಎಂದು ಹೇಳಬಾರದು.

"ತೆಟ್ಟು ಅನ್ನುವ ಮಾತನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಟ್ಟು ಬನ್ನಿ" ಎಂದರು ಇಂಗ್ಲಿಷಿನಲ್ಲಿ. "ಮಗು ಏನು ಉತ್ತರ ಕೊಟ್ಟರೂ ನೀವು ಒಂದೇ ಪ್ರಶ್ನೆ ಕೇಳಬೇಕು. ಎಂಗನೆ ಕಿಟ್ಟಿ?"

ಅದು ಹೇಗೆ ಬಂತು ಎಂದರ್ಥ. ನನ್ನ ಕಿವಿಗೆ ಮಾತ್ರ ನಮ್ಮ ಬೀದಿಯ ಯಾವನೋ ಕಿಟ್ಟಿಯನ್ನು ಯೋಗಕ್ಷೇಮ ಕೇಳಿದ ಹಾಗೆ ಕೇಳಿಸುತ್ತಿತ್ತು. ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು ನಗದೆ ಹೇಳುವುದನ್ನು ಅಭ್ಯಾಸ ಮಾಡಿದೆ.

ಮೊದಲ ದಿನದ ಪಾಠ ಸಲೀಸಾಗಿ ಸಾಗಿತು. ಅರ, ಕಾಲ್, ಮುಕ್ಕಾಲ್ ಎಲ್ಲ ನಮ್ಮ ಮಾತುಗಳೇ ಅಲ್ಲವೆ! ಧೈರ್ಯ ಬಂದು ಮನೆಗೆಲಸ ಕೊಟ್ಟೆ. ಮನೆಯಲ್ಲಿ ಪಾಲು ಮಾಡಿ ಹಂಚುವ ವಸ್ತುಗಳ ಪಟ್ಟಿಯೊಂದನ್ನು ಎಲ್ಲರೂ ಮಾಡಿಕೊಂಡು ಬರಬೇಕು ಎನ್ನುವುದು ನನ್ನ ಉದ್ದೇಶ. "ಎಲ್ಲಾವರುಂ ವೀಟ್ಟಿಲ್ ಪೋಯಿ ಒರು ಪಟ್ಟಿ ಉಂಡಾಕ್ಕಿ ಕೊಂಡುವರಣಂ" ಎಂದೆ.

ಹುಡುಗಿಯರು ಮುಖ ಮುಖ ನೋಡಿಕೊಂಡರು. ಮೂರನೇ ಬೆಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರೇ, ನಮ್ಮ ಮನೆಯಲ್ಲಿ ಒಂದು ಆಗಲೇ ಇದೆ. ಅದನ್ನೇ ತರಬಹುದಾ?"

"ತರಬಹುದು" ಎಂದೆ. "ಆದರೆ ನೀನೇ ಮಾಡಿದ್ದಾಗಿರಬೇಕು."

ಆಮೇಲೆ ಆ ಕ್ಲಾಸನ್ನು ಯಾರಿಂದಲೂ ಹಿಡಿಯಲಾಗಲಿಲ್ಲ. ಹಿಂದಿನ ಬೆಂಚಿನಲ್ಲಿ ಪ್ರೊಫೆಸರು ಕನ್ನಡಕ ತೆಗೆದು ಮುಂಡಿನ ಅಂಚಿನಿಂದ ಬಹಳ ಹೊತ್ತು ಒರೆಸಿದರು. ಅವರ ಭುಜಗಳು ಕುಣಿಯುತ್ತಿದ್ದವು. ಯಾಕೆಂದು ಹೇಳಲಿಲ್ಲ. ಹೇಳಿದರೆ 'ತಪ್ಪು' ಎನ್ನಬೇಕಾಗುತ್ತಿತ್ತು.

ಹಾಸ್ಟೆಲಿನಲ್ಲಿ ನನ್ನ ಕೋಣೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂತ ಮಾರಾಯ್ರೆ, ಮಕ್ಕಳಿಗೆ ನಾಯಿ ಮಾಡಿಕೊಂಡು ಬರ್ಲಿಕ್ಕೆ ಹೇಳಿದ್ದಾ? ಇಲ್ಲಿ ಪಟ್ಟಿ ಅಂದ್ರೆ ನಾಯಿ. ನಿಮ್ಮ ಪಟ್ಟಿಗೆ ಪಟ್ಟಿಕ ಅಂತ ಹೇಳ್ಬೇಕು."

"ಒಂದು 'ಕ' ಸೇರಿಸಿದ್ರೆ ಸಾಕಾ?"

"ಸಾಕು. ಅಷ್ಟಕ್ಕೇ ಬಾಲ ಬಿದ್ದುಹೋಗ್ತದೆ."

ಮರುದಿನ ಹುಡುಗಿಯರು ಒಬ್ಬರಿಗಿಂತ ಒಬ್ಬರು ಚೆಂದದ ನಾಯಿಗಳನ್ನು ಬರೆದುಕೊಂಡು ಬಂದಿದ್ದರು. ಬಿಸಾಡಲು ಮನಸ್ಸಾಗಲಿಲ್ಲ. ನಾಯಿಯ ಕಾಲು ಭಾಗಕ್ಕೆ ಬಣ್ಣ ಹಚ್ಚಿ ಎಂದೆ. ಕೆಲವರು ಒಂದು ಕಾಲಿಗೆ ಮಾತ್ರ ಹಚ್ಚಿದರು. ಎಂಗನೆ ಕಿಟ್ಟಿ ಎಂದೆ. "ಟೀಚರೇ ಅಲ್ಲವೆ ಕಾಲ್ ಅಂದದ್ದು?" ಎಂದರು.

ನಿಜವಾದ ಪರೀಕ್ಷೆ ಕೂಡಿಸುವ ಲೆಕ್ಕದಲ್ಲಿ ಬಂತು. ಅರ್ಧಕ್ಕೆ ಮೂರರಲ್ಲೊಂದು ಪಾಲು ಸೇರಿಸಿದರೆ ಎಷ್ಟು? ಎರಡು ಜಡೆಯವಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದರಲ್ಲೆರಡು ಎಂದು ಬೋರ್ಡಿನ ಮೇಲೆ ಬರೆದಳು. ಕೊಚ್ಚಿಯಲ್ಲಾಗಿದ್ದರೆ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಿದ್ದೆ. ಇಲ್ಲಿ ಪ್ರೊಫೆಸರು ಕೂತಿದ್ದಾರೆ.

"ಎಂಗನೆ ಕಿಟ್ಟಿ?"

"ಈ ಬೆಂಚಿನಲ್ಲಿ ಇಬ್ಬರು ಕೂರುತ್ತಾರೆ, ಇವತ್ತು ಒಬ್ಬಳು ಬಂದಿಲ್ಲ. ಆ ಬೆಂಚಿನಲ್ಲಿ ಮೂವರು, ಅಲ್ಲೂ ಒಬ್ಬಳು ಬಂದಿಲ್ಲ. ಒಟ್ಟು ಐವರಲ್ಲಿ ಇಬ್ಬರು ಬಂದಿಲ್ಲ. ಸರಿಯಲ್ಲವೆ ಟೀಚರೇ?"

ನಾನು ಬೆಂಚುಗಳನ್ನು ನೋಡಿದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಬೋರ್ಡನ್ನು ನೋಡಿದೆ. ಉತ್ತರ ಶುದ್ಧ ತಪ್ಪು. ಎರಡೂ ಹೇಗೆ ಸಾಧ್ಯ? ಇಷ್ಟು ವರ್ಷ ಲೆಕ್ಕ ಕಲಿಸಿದವಳಿಗೆ ಹನ್ನೆರಡು ವರ್ಷದ ಹುಡುಗಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಪುಣ್ಯಕ್ಕೆ ಗಂಟೆ ಹೊಡೆಯಿತು.

ಹಾಸ್ಟೆಲಿನಲ್ಲಿ ಊಟದ ಹೊತ್ತಿನಲ್ಲಿ ಕೋಣೆಯವರ ಹತ್ತಿರ ತೋಡಿಕೊಂಡೆ. ಅವರು ತಮ್ಮ ಎಲೆಯಲ್ಲಿದ್ದ ಹಪ್ಪಳ ಎತ್ತಿ ಹಿಡಿದರು. "ನೋಡಿ, ಇದರಲ್ಲಿ ಮೊದ್ಲು ಅರ್ಧ ತಿಂದೆ. ಮತ್ತೆ ಇದರದ್ದೇ ಮೂರರಲ್ಲೊಂದು ಪಾಲು ತಿಂದೆ. ಒಟ್ಟು ತಿಂದದ್ದು ಐದರಲ್ಲೆರಡು ಅಂದ್ರೆ ಅರ್ಧಕ್ಕಿಂತ ಕಡಿಮೆ ಆಯ್ತಲ್ಲ. ತಿಂದದ್ದು ವಾಪಸ್ ಬಂತಾ ಎಂತ?"

ಮರುದಿನ ಅಡುಗೆಯವರನ್ನು ಕಾಡಿ ಕರಿದ ಹಪ್ಪಳ ತುಂಬಿದ ಡಬ್ಬಿ ಹೊತ್ತುಕೊಂಡು ಬಸ್ಸು ಹತ್ತಿದೆ. ಶಾಲೆಯಲ್ಲಿ ಮುಚ್ಚಳ ತೆಗೆದರೆ ಒಂದೂ ಇಡಿಯಾಗಿ ಉಳಿದಿರಲಿಲ್ಲ. ಮುಂದಿನ ಬೆಂಚಿನವಳು ಒಂದು ಚೂರನ್ನು ಎತ್ತಿ, "ಟೀಚರೇ, ಇದು ಎಷ್ಟರಲ್ಲಿ ಎಷ್ಟು?" ಎಂದಳು. ದೇವರಿಗೂ ಗೊತ್ತಿಲ್ಲ ಎಂದೆ. ಬೋರ್ಡಿನ ಮೇಲೆ ದುಂಡಗೆ ಒಂದು ಹಪ್ಪಳ ಬರೆದು, ಕೋಣೆಯವರ ಪ್ರಶ್ನೆಯನ್ನೇ ಕೇಳಿ ಸುಮ್ಮನೆ ನಿಂತೆ. ಎರಡು ಜಡೆಯವಳು ತುಂಬ ಹೊತ್ತು ಹಪ್ಪಳವನ್ನೂ ಬೆಂಚುಗಳನ್ನೂ ನೋಡಿದಳು. ಆಮೇಲೆ ಎದ್ದಳು.

"ಬೆಂಚು ಎರಡು, ಬೇರೆ ಬೇರೆ. ಹಪ್ಪಳ ಒಂದೇ."

ನನಗೆ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಚೂರುಗಳನ್ನೆಲ್ಲ ಕ್ಲಾಸಿಗೆ ಹಂಚಿದೆ. ಹಿಂದಿನ ಬೆಂಚಿನಿಂದ ಪ್ರೊಫೆಸರು ಕೈ ಚಾಚಿ ತಮ್ಮ ಪಾಲನ್ನೂ ಕೇಳಿ ಪಡೆದರು.

ಅದೇ ಪಾಠವನ್ನು ಕೊಚ್ಚಿಯ ನಮ್ಮ ಶಾಲೆಯಲ್ಲೂ ಮಾಡಿ, ಎರಡು ಶಾಲೆಗಳನ್ನು ಹೋಲಿಸಿ ಪ್ರಬಂಧ ಬರೆದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ವಯಸ್ಸಾದ, ಕೋಟು ತೊಟ್ಟ, ಬಹಳ ದೊಡ್ಡ ಹೆಸರಿನ ವಿದ್ವಾಂಸರು. ಪುಟಗಳನ್ನು ಹೆಬ್ಬೆರಳಿನಿಂದ ತಿರುವುತ್ತಾ ಇಂಗ್ಲಿಷಿನಲ್ಲಿ ಶುರು ಮಾಡಿದರು.

"ಇಷ್ಟೆಲ್ಲ ಯಾಕೆ? ಮಗು ತಪ್ಪು ಮಾಡಿದರೆ ತಪ್ಪು ಅಂದರಾಯಿತು. ಅದಿರಲಿ, ಇಲ್ಲಿ ನೋಡಿ. ಒಂದು ಶಾಲೆಯಲ್ಲಿ ಅರ್ಧದಷ್ಟು ಮಕ್ಕಳು ತಪ್ಪು ಮಾಡಿದ್ದಾರೆ, ಇನ್ನೊಂದರಲ್ಲಿ ಕಾಲು ಭಾಗ. ಅಲ್ಲಿಗೆ ಒಟ್ಟು ಮುಕ್ಕಾಲು ಪಾಲು ಮಕ್ಕಳು ತಪ್ಪು ಮಾಡಿದ ಹಾಗಾಯಿತು. ನೀವು ಬಹಳ ಕಡಿಮೆ ಬರೆದಿದ್ದೀರಿ."

ನಾನು ಯೋಚಿಸಿ ಮಾಡಿದ್ದಲ್ಲ. ಬಾಯಿಗೆ ರೂಢಿಯಾಗಿಬಿಟ್ಟಿತ್ತು. ಏಳನೇ ಕ್ಲಾಸಿನಲ್ಲಿ ಕೇಳುವ ದನಿಯಲ್ಲೇ, ಸ್ವಲ್ಪ ಬಾಗಿ ಕೇಳಿದೆ.

"ಎಂಗನೆ ಕಿಟ್ಟಿ, ಸಾರ್?"

ನಮ್ಮ ಪ್ರೊಫೆಸರು ಕನ್ನಡಕ ತೆಗೆದರು. ಹಿರಿಯರು ಹುಬ್ಬು ಗಂಟಿಕ್ಕಿ, "ಹೇಗೆ ಅಂದರೆ? ಅರ್ಧಕ್ಕೆ ಕಾಲು ಸೇರಿಸಿದರೆ..." ಎಂದು ಬೆರಳು ಮಡಚುತ್ತಾ ಹೊರಟವರು ಅರ್ಧದಲ್ಲೇ ನಿಂತರು. ಎರಡು ಕೈಗಳನ್ನೂ ಮೇಜಿನ ಮೇಲೆ ದೂರ ದೂರ ಇಟ್ಟು ನೋಡಿದರು. ಒಂದು ಕೈ ಒಂದು ಶಾಲೆ, ಇನ್ನೊಂದು ಕೈ ಇನ್ನೊಂದು ಶಾಲೆ ಎನ್ನುವ ಹಾಗೆ. ಆಮೇಲೆ ತಲೆ ಹಿಂದಕ್ಕೆ ಹಾಕಿ ಗಟ್ಟಿಯಾಗಿ ನಕ್ಕರು. ಮುಂದೆ ಒಂದು ಪ್ರಶ್ನೆಯನ್ನೂ ಕೇಳದೆ ಚಹಾ ತರಿಸಿದರು.

ಪದವಿ ಹೊತ್ತು ಕೊಚ್ಚಿಗೆ ಬಂದೆ. ಮುಖ್ಯೋಪಾಧ್ಯಾಯಿನಿ ಸಂಭ್ರಮದಿಂದ ಹತ್ತನೇ ಕ್ಲಾಸಿನ ವೇಳಾಪಟ್ಟಿಯನ್ನು ನನ್ನ ಕೈಗಿಟ್ಟರು.

"ನಾನು ಓದಿದ್ದು ಏಳನೇ ಕ್ಲಾಸಿನ ಮಕ್ಕಳ ವಿಷಯ" ಎಂದೆ.

"ಎಂ.ಎಡ್. ಟೀಚರನ್ನು ಏಳನೇ ಕ್ಲಾಸಿನಲ್ಲಿ ಇಟ್ಟರೆ ಪೇರೆಂಟ್ಸ್ ಏನಂದಾರು? ವೇಸ್ಟ್ ಅನ್ನುವುದಿಲ್ಲವೆ?"

ಅತ್ತೆಯವರು ಹೇಳಿದ್ದನ್ನೇ ಇವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಬೇರೆ ದಾರಿಯಿಲ್ಲದೆ ಹತ್ತನೇ ಕ್ಲಾಸಿಗೆ ಹೋದೆ. ಬೀಜಗಣಿತ ಶುರು ಮಾಡಿದರೆ ಅರ್ಧ ಕ್ಲಾಸಿಗೆ ಭಿನ್ನರಾಶಿ ಕೂಡಿಸಲು ಬರುತ್ತಿರಲಿಲ್ಲ. ಬೀಜಗಣಿತ ಬದಿಗಿಟ್ಟು ಬೋರ್ಡಿನ ಮೇಲೆ ಹಪ್ಪಳ ಬರೆದೆ. ಮೀಸೆ ಮೂಡುತ್ತಿದ್ದ ಹುಡುಗರು ಖುಷಿಯಿಂದ ಕಲಿತರು. ಒಂದು ವಾರ ಕಳೆಯುವಷ್ಟರಲ್ಲಿ ಪೇರೆಂಟ್ಸ್ ಬಂದರು. ದೊಡ್ಡ ಪದವಿಯ ಟೀಚರು ಹತ್ತನೇ ಕ್ಲಾಸಿಗೆ ಏಳನೇ ಕ್ಲಾಸಿನ ಪಾಠ ಮಾಡುತ್ತಿದ್ದಾರೆ ಎಂದು ದೂರು.

ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿ ಬಹಳ ಬೇಸರದಿಂದ ಹೇಳಿದರು. "ಬೇರೆ ದಾರಿಯೇ ಇಲ್ಲ. ಸೋಮವಾರದಿಂದ ನಿಮ್ಮನ್ನು ಏಳನೇ ಕ್ಲಾಸಿಗೆ ಹಾಕಬೇಕಾಗಿದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ನಾನು ಆದಷ್ಟು ಬಾಡಿದ ಮುಖ ಮಾಡಿಕೊಂಡು, ಆಗಲಿ ಎಂದು ಹೊರಗೆ ಬಂದೆ. ಸಂಜೆ ಮನೆಯ ಹತ್ತಿರದ ಪಾಲಾರಿವಟ್ಟದಲ್ಲಿ ಬಸ್ಸಿಳಿದು ಅಲ್ಲಿನ ಬೇಕರಿಯಲ್ಲಿ ಹಲ್ವ ಕಟ್ಟಿಸಿಕೊಂಡೆ. ಮನೆಯಲ್ಲಿ ಪೊಟ್ಟಣ ಬಿಚ್ಚುತ್ತಿದ್ದಾಗ ಯಜಮಾನರು ಕೇಳಿದರು.

"ಏನು ವಿಶೇಷ? ಪ್ರಮೋಷನ್ನಾ?"

"ಅಲ್ಲ, ಡಿಮೋಷನ್" ಎಂದು ಅವರ ಬಾಯಿಗೆ ಒಂದು ತುಂಡು ಹಾಕಿದೆ.