ಜಾಲರಿ ತೋರಿಸಿ ಅಂದ ವಕೀಲೆ

ದುಬೈನ ಒಂದು ವಸ್ತುಪ್ರದರ್ಶನದಲ್ಲಿ ಇಬ್ಬರು ಜರ್ಮನ್ನರು ನನ್ನ ಯಜಮಾನರ ಜಾಲರಿಯ ಮುಂದೆ ಬಹಳ ಹೊತ್ತು ನಿಂತು, ಬೆರಳಿನಿಂದ ತಟ್ಟಿ ನೋಡಿ, ಕಾರ್ಡು ಕೊಟ್ಟು ಹೋದರು. ಎಸಿಯ ಹೊರಗಿನ ಯೂನಿಟ್ಟಿಗೆ ಮರಳು ನುಗ್ಗದಂತೆ, ಗಾಳಿ ಮಾತ್ರ ಹಾಯುವಂತೆ ಮಾಡಿದ ಜಾಲರಿ ಅದು. ದೂರದ ಮರಳುಗಾಡಿನ ಊರು ಮದೀನತ್ ಜಾಯೆದ್‌ನಲ್ಲಿ ಎಸಿ ಎಂಜಿನಿಯರ್ ಆಗಿರುವ ಯಜಮಾನರು, ರಜೆಗೆ ದುಬೈನ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಮನೆಗೆ ಬಂದಾಗಲೆಲ್ಲ ಬಾಲ್ಕನಿಯಲ್ಲಿ ಕೂತು ತಗಡು ಬಗ್ಗಿಸುತ್ತಿದ್ದರು.

ಕೆಲವೇ ವಾರಗಳಲ್ಲಿ ಅವರ ಜರ್ಮನ್ ಕಂಪನಿಯಿಂದ ಜಾಲರಿಯನ್ನು ಮಾಡಿ ಮಾರುವ ಹಕ್ಕು ಕೇಳಿ ಕರಾರುಪತ್ರ ಬಂತು, ಇಂಗ್ಲಿಷಿನಲ್ಲೊಂದು, ಜರ್ಮನ್‌ನಲ್ಲೊಂದು. ತಕರಾರು ಬಂದರೆ ಜರ್ಮನ್ ಪ್ರತಿಯೇ ಅಂತಿಮವಂತೆ.

“ಸೈನ್ ಮಾಡಿ ಕಳಿಸಿಬಿಡೂಣು. ಅವರ ಮನಸ್ಸು ಬದಲಾದ್ರ?” ಎಂದರು ಯಜಮಾನರು.

“ತಿಳೀಲಾರದ ಭಾಷಾಕ್ಕ ಸೈನ್ ಹಾಕ್ತೀರೇನ್ರೀ? ಮೊದಲ ಒಬ್ಬ ಜರ್ಮನ್ ವಕೀಲರನ್ನ ಹುಡುಕೂಣು.”

ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಮದುವೆಗೆ ವರ ನೋಡುವಷ್ಟು ಉತ್ಸಾಹ ನನಗೆ. ಜರ್ಮನ್ ದೂತಾವಾಸದ ಜಾಲತಾಣದಲ್ಲಿ ಜರ್ಮನ್ ಬಲ್ಲ ಇಲ್ಲಿಯ ವಕೀಲರ ಹೆಸರುಗಳಿದ್ದವು. ಜರ್ಮನಿಯಲ್ಲೇ ಇರುವವರಲ್ಲಿ ಯಾರು ಯಾವ ವಿಷಯದಲ್ಲಿ ಪಳಗಿದವರೆಂದು ಅಲ್ಲಿಯ ವಕೀಲರ ಸಂಘದ ಜಾಲತಾಣದಲ್ಲಿ ನೋಡಿದೆ.

ಮೊದಲು ಭೇಟಿಯಾದವರು ದುಬೈನವರೇ. ಒಳ್ಳೆಯ ಕಾಫಿ ಕೊಟ್ಟು, ತಮ್ಮದು ಮನೆ, ಜಮೀನಿನ ಕೆಲಸ, ಇದು ತಮ್ಮಿಂದಾಗದು ಎಂದು ಪ್ರಾಮಾಣಿಕವಾಗಿ ಹೇಳಿದರು. ಎರಡನೆಯವರು ಮ್ಯೂನಿಕ್‌ನಿಂದ ವಿಡಿಯೋದಲ್ಲಿ ಬಂದು, ಉದ್ದಕ್ಕೂ ತಮ್ಮ ಆಫೀಸಿನ ದೊಡ್ಡಸ್ತಿಕೆಯನ್ನೇ ಹೇಳಿದರು. ಯಜಮಾನರು ಮರುಳಾದರು. “ಇವರ ಇರ್ಲಿ. ಎಷ್ಟು ಗತ್ತೈತಿ ನೋಡು.”

“ನಮ್ಮ ಜಾಲರಿ ಏನ್ ಮಾಡತೈತಿ ಅಂತ ಒಂದ್ ಮಾತರೆ ಕೇಳಿದ್ರೇನು?” ಎಂದೆ.

ಮೂರನೆಯವರು ಸ್ಟುಟ್‌ಗಾರ್ಟ್‌ನ ಒಬ್ಬ ವಕೀಲೆ. ವಿಡಿಯೋ ಕರೆ ಶುರುವಾಗುತ್ತಲೇ, “ಅದನ್ನು ತೋರಿಸುತ್ತೀರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯಜಮಾನರು ಬಾಲ್ಕನಿಗೆ ಓಡಿ ಜಾಲರಿ ತಂದು, ಟೇಬಲ್ ಫ್ಯಾನಿನ ಮುಂದೆ ಹಿಡಿದು, ಒಂದು ಹಿಡಿ ಮರಳು ತೂರಿದರು. ಮರಳೆಲ್ಲ ನನ್ನ ಸೋಫಾದ ಮೇಲೆ. ವಕೀಲೆ ಮನಸಾರೆ ನಕ್ಕರು. ಮರುಕ್ಷಣವೇ ಗಂಭೀರವಾಗಿ, “ಪ್ರದರ್ಶನಕ್ಕೆ ಇಡುವ ಮುಂಚೆ ಪೇಟೆಂಟಿಗೆ ಅರ್ಜಿ ಹಾಕಿದ್ದಿರಾ?” ಎಂದರು.

ಅರ್ಜಿಗೆ ಮುಂಚೆಯೇ ನಾಲ್ಕು ಜನರಿಗೆ ತೋರಿಸಿದ್ದರೆ ಪೇಟೆಂಟೇ ಸಿಗುವುದಿಲ್ಲವಂತೆ. ಯಜಮಾನರು ನಿಧಾನವಾಗಿ, “ಹಾಕಿದ್ದೇನೆ. ಭಾರತದಲ್ಲಿ,” ಎಂದರು. ನನಗೇ ಅದು ಗೊತ್ತಿರಲಿಲ್ಲ.

“ಹಾಗಾದರೆ ದಾರಿಯಿದೆ. ಆದರೆ ಈ ಕರಾರಿನ ಪ್ರಕಾರ ನೀವು ಇದನ್ನು ಜಗತ್ತಿನಲ್ಲಿ ಬೇರೆಲ್ಲೂ ಮಾರುವಂತಿಲ್ಲ. ನಿಮಗೆ ಒಪ್ಪಿಗೆಯೇ?”

ಯಜಮಾನರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿ ಬೇಡವೆಂದೆ. ಜರ್ಮನಿಯಲ್ಲಿ ಪೇಟೆಂಟ್ ಮಾಡಿಸುವುದು ತಮ್ಮ ಕೆಲಸವಲ್ಲ, ಅದಕ್ಕೆ ಬೇರೆಯವರನ್ನು ಜೊತೆಗೆ ಕರೆಯುತ್ತೇನೆ, ಫೀಸು ಎಷ್ಟೆಂದು ಮೊದಲೇ ಬರೆದು ಕಳಿಸುತ್ತೇನೆ ಎಂದೂ ವಕೀಲೆ ಹೇಳಿದರು. ಕರೆ ಮುಗಿದ ಮೇಲೆ ನಾವು ಚರ್ಚೆ ಮಾಡಲೇ ಇಲ್ಲ. “ಇವರ ಇರ್ಲಿ,” ಎಂದರು ಯಜಮಾನರು. ನಾನೂ ಅದನ್ನೇ ಹೇಳುವವಳಿದ್ದೆ.

ಕಂಪನಿಯ ಜೊತೆ ಮಾತುಕತೆ ಬಹಳ ದಿನ ಎಳೆಯಿತು. ಕೊನೆಗೊಂದು ಮಧ್ಯಾಹ್ನ ವಕೀಲೆಯ ಮೇಲ್ ಬಂತು. ಯುರೋಪಿನಲ್ಲಿ ಮಾರುವ ಹಕ್ಕು ಕಂಪನಿಗೆ, ಗಲ್ಫ್ ಮತ್ತು ಭಾರತದಲ್ಲಿ ನಮಗೆ. ಕೂಡಲೇ ಮದೀನತ್ ಜಾಯೆದ್‌ಗೆ ಫೋನ್ ಮಾಡಿದೆ. ಯಜಮಾನರು ಯಾವುದೋ ಕಟ್ಟಡದ ಮಾಳಿಗೆಯ ಮೇಲಿದ್ದರು. ಯಂತ್ರಗಳ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ.

“ಏನಂದಿ? ಜೋರ್ ಹೇಳು.”

ಅಕ್ಕಪಕ್ಕದ ಮನೆಗೂ ಕೇಳಿಸುವಂತೆ ಹೇಳಿದೆ. ಆಮೇಲೆ ಯಜಮಾನರು ಜೊತೆಯವರನ್ನು ಕರೆಯುವುದು ಕೇಳಿಸಿತು: “ಯಲ್ಲಾ, ನಡೀರಿ, ಕೆಳಗಿಳೀರಿ. ಇವತ್ತಿನ ಚಾಯ್ ನಂದು.”