ಬೇವು ಬಿದ್ದ ಮನೆಗೆ ಮಾತಾಡಿಸಲು ಬಂದವರು

ಹಿಂಡಿದ ಲುಂಗಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನು ಎಲ್ಲಿ ಹರವಬೇಕೆಂದು ತೋಚದೆ ಅಂಗಳದ ನಡುವೆ ನಿಂತ ಗಂಡಸಿನಷ್ಟು ದಿಕ್ಕೆಟ್ಟ ಪ್ರಾಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಷ್ಟು ಖಚಿತವಾಗಿ ಹೇಳಲು ಕಾರಣ, ಕಳೆದ ವೈಶಾಖದ ಒಂದು ಮುಂಜಾನೆ ರಬಕವಿಯ ನಮ್ಮ ಮನೆಯ ಅಂಗಳದಲ್ಲಿ ಆ ಪ್ರಾಣಿ ನಾನೇ ಆಗಿದ್ದೆ. ನಮ್ಮ ಮನೆಯ ಶ್ರಮವಿಭಜನೆಯಲ್ಲಿ ಅರಿವೆ ಒಗೆಯುವುದು ಯಂತ್ರದ ಪಾಲಿಗೆ, ಯಂತ್ರಕ್ಕೆ ಅಪ್ಪಣೆ ಕೊಡುವುದು ಹೆಂಡತಿ ಶಾಂತಾಳ ಪಾಲಿಗೆ, ಒಗೆದದ್ದನ್ನು ಒಣಹಾಕುವುದು ನನ್ನ ಪಾಲಿಗೆ ಬಂದಿದೆ. ಜಮಖಂಡಿಯ ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಬೋಧಿಸುವವನಿಗೆ ಇಷ್ಟಾದರೂ ಲೋಕಾನುಭವ ಇರಲಿ ಎಂಬುದು ಅವಳ ಸದಾಶಯ. ಅಂದು ಕರೆಂಟಿಲ್ಲದೆ ಯಂತ್ರ ಮೂಕವಾಗಿದ್ದರಿಂದ ಒಗೆಯುವ ಭಾಗ್ಯವೂ ನನಗೇ ಒದಗಿತ್ತು. ಒಗೆದು, ಹಿಂಡಿ, ಝಾಡಿಸಿ, ವರ್ಷಾನುಗಟ್ಟಲೆಯ ಅಭ್ಯಾಸಬಲದಿಂದ ಕೈ ಎತ್ತಿ ಲುಂಗಿಯನ್ನು ಹಗ್ಗದ ಮೇಲೆ ಎಸೆದೆ. ಅದು ನೇರವಾಗಿ ನೆಲಕ್ಕೆ ಬಿತ್ತು. ಹಗ್ಗವಿರಲಿಲ್ಲ. ಏಕೆಂದರೆ ಹಗ್ಗದ ಒಂದು ತುದಿಯನ್ನು ಹಿಡಿದುಕೊಂಡಿದ್ದ ಬೇವಿನ ಗಿಡ ಹಿಂದಿನ ಸಂಜೆಯಷ್ಟೇ ಉರುಳಿಬಿದ್ದಿತ್ತು.

ಅಜ್ಜಿಗೆ ಅರಿವೆಯ ಚಿಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಮನೆಗಿಂತ ಎತ್ತರದ ಮರ ಅಂಗಳದಲ್ಲಿ ಅಡ್ಡಬಿದ್ದಿರುವಾಗ ಲುಂಗಿಯ ಗತಿಯೇನೆಂದು ಚಿಂತಿಸುತ್ತಿದ್ದ ನಾನು, ಅಜ್ಜಿಯಾಗುವ ವಯಸ್ಸು ಮತ್ತು ಲಿಂಗ ಎರಡೂ ಇಲ್ಲದೆಯೇ ಆ ಪದವಿಗೆ ಅರ್ಹನಾಗಿದ್ದೆ. ಅಂದಹಾಗೆ, ಮರ ಎಂದದ್ದು ಬರವಣಿಗೆಯ ಮಾತಾಯಿತು. ನಮ್ಮ ಕಡೆ ಆಕಾಶಕ್ಕೆ ತಾಗಿದರೂ ಅದು ಗಿಡವೇ. ತಲೆ ನರೆತ ಮಗನನ್ನು ತಾಯಿ ಕೂಸೆಂದೇ ಕರೆದ ಹಾಗೆ.

ಬಿರುಗಾಳಿಯ ವರ್ಣನೆಯನ್ನು ನೀವು ನನ್ನಿಂದ ನಿರೀಕ್ಷಿಸುವುದು ಸಹಜ. ಆದರೆ ಅದು ಬೀಸಿದಾಗ ನಾನು ಒಳಗಿದ್ದು, ಬಾಗಿಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಬಾಯಿಗೆ ಬಂದ ಸ್ತೋತ್ರವನ್ನು ಹೇಳುತ್ತಿದ್ದೆ. ಪ್ರಳಯವನ್ನು ತಡೆಹಿಡಿದ ವೀರನೆಂದೇ ನನ್ನ ಬಗ್ಗೆ ನನಗೆ ಭಾವನೆ. ಶಾಂತಾ ಮಾತ್ರ ಕಂದೀಲು ಹಚ್ಚುತ್ತ, "ಬಾಗಲಾ ನೀವು ಹಿಡದೀರೋ, ಬಾಗಲಾನ ನಿಮ್ಮನ್ನ ಹಿಡದೈತೋ?" ಎಂದು ಕೇಳಿದಳು. ಹೊರಗೆ ತಗಡುಗಳು ಹಾರುವ ಸದ್ದು, ಅದರ ಹಿಂದೆಯೇ ಒಂದು ದೀರ್ಘವಾದ ನಿಟ್ಟುಸಿರಿನಂಥ ಸದ್ದು, ಆಮೇಲೆ ಆಲಿಕಲ್ಲು. ಮಳೆ ನಿಂತ ಮೇಲೆ ನೋಡಿದರೆ ಬೇವು ಅಂಗಳದುದ್ದಕ್ಕೂ ಮೈಚಾಚಿ, ಪಕ್ಕದ ಕಾಂಪೌಂಡು ಗೋಡೆಯನ್ನು ಕೆಡವಿ, ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿತ್ತು. ಹೋಗುವಾಗ ಓಣಿಯ ಕರೆಂಟಿನ ತಂತಿಯನ್ನೂ ಜೊತೆಗೆಳೆದುಕೊಂಡಿತ್ತು. ಯಾರಿಗೂ ಒಂದು ಗೀರು ಸಹ ಆಗಿರಲಿಲ್ಲ.

ಮರುದಿನ ಹೊತ್ತೇರುವ ಮುನ್ನವೇ ಜನ ನಮ್ಮನ್ನು ಮಾತಾಡಿಸಲು ಬರತೊಡಗಿದರು. ಈ ಮಾತಾಡಿಸುವುದು ಎಂದರೇನೆಂದು ದಕ್ಷಿಣದ ಓದುಗರಿಗೆ ತುಸು ಬಿಡಿಸಿ ಹೇಳಬೇಕು. ನಮ್ಮಲ್ಲಿ ಒಂದು ಮನೆಗೆ ಏನಾದರೂ ಕೆಟ್ಟದ್ದು ಒದಗಿದರೆ, ಸಾವಾಗಲಿ, ಕಾಲು ಮುರಿತವಾಗಲಿ, ಎಮ್ಮೆ ಕಳೆದದ್ದೇ ಆಗಲಿ, ಬಳಗದವರೂ ಓಣಿಯವರೂ ಬಂದು ಒಂದಿಷ್ಟು ಹೊತ್ತು ಕೂತು, ಆದದ್ದನ್ನು ಆದಿಯಿಂದ ಅಂತ್ಯದವರೆಗೆ ಕೇಳಿ, ಚಹಾ ಕುಡಿದು ಏಳಬೇಕು. ನೀವು ಪ್ರತಿಯೊಬ್ಬರಿಗೂ ಹೊಸದಾಗಿ ಹೇಳಬೇಕು. "ಅವರಿಗೆ ಹೇಳೀನಿ, ಕೇಳಿಕೊಳ್ರಿ" ಎನ್ನುವಂತಿಲ್ಲ. ಬಂದವರು ಮನೆಯಲ್ಲಿ ಒಲೆ ಹೊತ್ತಿರಲಿಕ್ಕಿಲ್ಲವೆಂದು ರೊಟ್ಟಿಯ ಬುತ್ತಿ ತರುವುದೂ ಉಂಟು. ಬಿದ್ದದ್ದು ಗಿಡವೇ ಹೊರತು ಒಲೆಯಲ್ಲ ಎಂದು ನಾನು ಹೇಳಬಹುದಾಗಿತ್ತು. ಬುತ್ತಿಯಲ್ಲಿ ಎಣ್ಣೆಗಾಯಿ ಪಲ್ಲೆಯ ವಾಸನೆ ಬಂದದ್ದರಿಂದ ಹೇಳಲಿಲ್ಲ.

ಮೊದಲ ಒಂದೆರಡು ಸಲ ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅದು ಯಾರಿಗೂ ರುಚಿಸಲಿಲ್ಲ. "ಯಾರಿಗೂ ಏನೂ ಆಗಲಿಲ್ಲೇನ್ರಿ?" ಎಂದು ಕೇಳುವಾಗ ಅವರ ಧ್ವನಿಯಲ್ಲಿ ಸಮಾಧಾನವಿತ್ತು, ಅದರ ತಳದಲ್ಲಿ ಸ್ವಲ್ಪ ನಿರಾಶೆಯೂ ಇತ್ತು. ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಶಿಷ್ಟಾಚಾರವಲ್ಲ. ಮೂರನೆಯ ನಿರೂಪಣೆಯ ಹೊತ್ತಿಗೆ ನಾನು ಗಿಡ ಬೀಳುವ ಕ್ಷಣಕ್ಕೆ ಸ್ವಲ್ಪ ಮುಂಚೆ ಅದರ ಬುಡದಲ್ಲಿ ನಿಂತಿದ್ದೆ. ಮಧ್ಯಾಹ್ನಕ್ಕೆ ಒಂದು ಟೊಂಗೆ ನನ್ನ ಭುಜ ಸವರಿಕೊಂಡು ಹೋಗಿತ್ತು. ಮಗ್ಗದ ಸದ್ದಿನೊಳಗೆ ಹುಟ್ಟಿ ಬೆಳೆದ ನಮ್ಮ ಊರಿನವರು ಗುಟ್ಟನ್ನೂ ಕೂಗಿಯೇ ಹೇಳುವವರು. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಸುಮ್ಮನಿದ್ದ ಆ ದಿನ ನನ್ನ ಸಾಹಸಕಥೆ ಮೂರು ಮನೆ ಆಚೆಗೂ ಕೇಳಿಸುತ್ತಿತ್ತಂತೆ. ಶಾಂತಾ ಚಹಾದ ತಟ್ಟೆ ತಂದಿಡುವ ನೆಪದಲ್ಲಿ ನನ್ನ ಭುಜವನ್ನು ಒಮ್ಮೆ ಪರೀಕ್ಷಿಸಿ ನೋಡಿ ಒಳಗೆ ಹೋದಳು.

ಬಿದ್ದವರಿಗೆ ಆಳಿಗೊಂದು ಕಲ್ಲು ಎನ್ನುತ್ತಾರೆ. ಬಿದ್ದ ಗಿಡಕ್ಕೆ ಆಳಿಗೊಂದು ಸಲಹೆ. ಒಬ್ಬರು ಆ ಜಾಗದಲ್ಲಿ ಕಾರು ನಿಲ್ಲಿಸಲು ಶೆಡ್ಡು ಹಾಕಿಸಿರೆಂದರು, ನಮ್ಮಲ್ಲಿ ಕಾರಿಲ್ಲ. ಇನ್ನೊಬ್ಬರು ಬೇವು ಬೀಳುವುದು ವಾಸ್ತುದೋಷವೆಂದರು. ಗಾಳಿ ಬಂದಾಗ ತೂರಿಕೊಳ್ಳುವ ಕಲೆ ಬಲ್ಲ ಕಟ್ಟಿಗೆ ವ್ಯಾಪಾರಿಯೊಬ್ಬರು ಮಾತಾಡಿಸುವ ಸೋಗಿನಲ್ಲೇ ಬಂದು, ದುಃಖಿತ ಮುಖದಿಂದ ಬೊಡ್ಡೆಯ ಸುತ್ತಳತೆ ನೋಡಿ, ನಾಡಿದ್ದು ಗರಗಸದವರನ್ನು ಕಳಿಸುವುದಾಗಿ ಹೇಳಿದರು. ನಾನು ಒಪ್ಪಿಬಿಟ್ಟೆ. ಬೇವಿನ ಹಲಗೆಗೆ ಹುಳು ಹತ್ತುವುದಿಲ್ಲ. ಒಂದು ಪುಸ್ತಕದ ಕಪಾಟು ಮಾಡಿಸಿಕೊಂಡು, ನನ್ನ ಗ್ರಂಥಗಳಿಗೆ ಗೆದ್ದಲಿನಿಂದ ಶಾಶ್ವತ ಮುಕ್ತಿ ದೊರಕಿಸುವ ಕನಸು ಆಗಲೇ ನನ್ನ ತಲೆಯಲ್ಲಿ ಬೇರೂರಿತ್ತು.

ಆ ಮಧ್ಯಾಹ್ನವೇ ಕಾಶವ್ವ ಬಂದಳು. ಕಾಶವ್ವ ನಮ್ಮ ಎದುರು ಮನೆಯವಳು, ಅರವತ್ತರ ಆಸುಪಾಸಿನ ಹೆಂಗಸು. ಮಗ್ಗದ ಲಾಳಿಯೊಳಗೆ ಕೂಡುವ ಸಣ್ಣ ಕೊಳವೆಗಳಿಗೆ ನೂಲು ಸುತ್ತಿಕೊಡುವುದು, ನಾವು ಕಂಡಿಕೆ ಸುತ್ತುವುದು ಎನ್ನುತ್ತೇವೆ, ಅವಳ ಉದ್ಯೋಗ. ಬೇಸಿಗೆ ಬಂತೆಂದರೆ ಅವಳೂ ಓಣಿಯ ಇನ್ನು ಕೆಲವು ಹೆಂಗಸರೂ ತಮ್ಮ ರಾಟೆಗಳನ್ನು ಹೊತ್ತು ತಂದು ನಮ್ಮ ಬೇವಿನ ಬುಡದಲ್ಲಿ ಕೂತು, ಹೊತ್ತು ಇಳಿಯುವವರೆಗೆ ಸುತ್ತುತ್ತಾರೆ. ರಜೆಯ ಮಧ್ಯಾಹ್ನದ ನನ್ನ ನಿದ್ದೆ ಕೆಡುವುದು ಅವರ ನಗೆಯಿಂದ. ಮತ್ತೆ ಹತ್ತುವುದು ರಾಟೆಯ ಗುಂಯ್ ಎನ್ನುವ ಸದ್ದಿನಿಂದ. ಅಂದು ಅವಳು ಬಂದಾಗ ನಾನು ಗಂಟಲು ಸರಿಮಾಡಿಕೊಂಡು ಕಥೆಗೆ ಪೀಠಿಕೆ ಹಾಕಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಬೇರು ಕಿತ್ತ ಗುಂಡಿಯ ಅಂಚಿಗೆ ಕೂತು, ಬೊಡ್ಡೆಯ ಮೇಲೆ ಕೈಯಾಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದುಹೋದಳು. ಚಹಾವನ್ನೂ ಕುಡಿಯಲಿಲ್ಲ. ಟೊಂಗೆ ನನ್ನ ಭುಜ ಸವರಿದ ಭಾಗಕ್ಕೆ ಕಥೆ ತಲುಪುವ ಮುನ್ನವೇ ಶ್ರೋತೃ ಎದ್ದುಹೋದದ್ದು ನನಗೆ ಅಪಮಾನವೆನಿಸಿತು.

ಶಾಂತಾ ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದಳು. ಒಳಗೆ ಹೋಗಿ ಸೀರೆ ಬದಲಿಸಿ, ಬಂದವರು ತಂದಿದ್ದ ಬುತ್ತಿಯಲ್ಲಿ ಒಂದನ್ನು ಕೈಯಲ್ಲಿ ಹಿಡಿದು ಹೊರಬಂದಳು.

"ಏಳ್ರಿ, ಕಾಶವ್ವನ್ನ ಮಾತಾಡಿಸಿ ಬರೂಣು."

"ಅಕಿಗೇನಾತು?" ಎಂದೆ.

"ಗಿಡಾ ಬಿದ್ದೈತಲ್ಲ."

ನಮ್ಮ ಗಿಡ ಬಿದ್ದದ್ದಕ್ಕೆ ನಾವೇ ಹೋಗಿ ಇನ್ನೊಬ್ಬರನ್ನು ಸಂತೈಸುವ ಪದ್ಧತಿ ಯಾವ ಶಾಸ್ತ್ರದಲ್ಲಿದೆಯೆಂದು ಕೇಳಬೇಕೆಂದುಕೊಂಡೆ. ಸೀರೆ ಬದಲಿಸಿದ ಹೆಂಡತಿಯೊಂದಿಗೆ ಶಾಸ್ತ್ರಾರ್ಥ ನಡೆಸಿ ಗೆದ್ದವರಿಲ್ಲವಾದ್ದರಿಂದ ಸುಮ್ಮನೆ ಹಿಂಬಾಲಿಸಿದೆ.

ಕಾಶವ್ವನದು ಒಂದೇ ಖೋಲಿಯ ಮನೆ, ಮೇಲೆ ತಗಡು. ಎಷ್ಟೋ ವರ್ಷಗಳಿಂದ ಎದುರಿಗೇ ಇದ್ದರೂ ಮಧ್ಯಾಹ್ನದ ಹೊತ್ತು ನಾನು ಅದರೊಳಗೆ ಕೂತವನಲ್ಲ. ಕೂತೊಡನೆ ಹಂಚಿನ ಮೇಲಿನ ರೊಟ್ಟಿಯ ಅಂತರಂಗ ನನಗೆ ಅರ್ಥವಾಯಿತು. ಹಿಂದಿನ ಸಂಜೆ ಆಲಿಕಲ್ಲು ಬಿದ್ದ ತಗಡು ಅದೇ ಎಂದರೆ ನಂಬುವಂತಿರಲಿಲ್ಲ. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಹಣೆಯಿಂದ ಇಳಿದ ಹನಿ ಕನ್ನಡಕದ ಮೇಲೆ ನಿಂತಿತು. ಮೂಲೆಯಲ್ಲಿ ರಾಟೆ ಸುಮ್ಮನಿತ್ತು, ಪಕ್ಕದಲ್ಲಿ ಬಿಳಿ ನೂಲಿನ ಲಡಿಗಳ ಮೇಲೆ ಅರಿವೆ ಮುಚ್ಚಿತ್ತು.

"ಇವತ್ತ ಸುತ್ತಲಿಲ್ಲೇನ ಕಾಶವ್ವಾ?" ಎಂದು ಶಾಂತಾ ಕೇಳಿದಳು.

"ಹೆಂಗ ಸುತ್ತಲೆವ್ವಾ? ಈ ತಗಡಿನ ಬುಡಕ ಕುಂತ್ರ ಬೆವರು ನೂಲಿಗೆ ಹತ್ತತೈತಿ. ಕಲಿ ಬಿದ್ದ ಕಂಡಿಕಿ ಮಾಲಕರು ಹೊಳ್ಳಿ ಕಳಸ್ತಾರ. ಮುಂಜಾನೆ ಒಂದೀಟು ಸುತ್ತೀನಿ, ಅಷ್ಟರಾಗ ಬಿಸಲು ಬಂತು." ಆಮೇಲೆ ನನ್ನ ಕಡೆ ತಿರುಗಿ, "ಗಿಡಾ ನಿಮ್ಮದ್ರಿ ಮಾಸ್ತರ. ನಾ ಅತ್ರ ಚಂದ ಕಾಣಂಗಿಲ್ಲಂತ ಎದ್ದ ಬಂದೆ. ಸಿಟ್ಟಾಗಬ್ಯಾಡ್ರಿ," ಎಂದಳು.

ಮುಂಜಾನೆಯಿಂದ ಬಂದು ಹೋದವರನ್ನೆಲ್ಲ ಮನಸ್ಸಿನಲ್ಲಿ ಮತ್ತೊಮ್ಮೆ ನೋಡಿದೆ. ಅವರಲ್ಲಿ ಅರ್ಧದಷ್ಟು ಜನ ನನ್ನ ಕಥೆ ಕೇಳುತ್ತ, ನನ್ನನ್ನು ದಾಟಿ ಗಿಡದ ಕಡೆಗೆ ನೋಡುತ್ತಿದ್ದರು. ಸಾವಿನ ಮನೆಯಲ್ಲಿ ಹೆಚ್ಚು ಕಳೆದುಕೊಂಡವರು ಒಮ್ಮೊಮ್ಮೆ ಮೂಲೆಯಲ್ಲಿ ಕೂತಿರುತ್ತಾರೆ. ಸಮಾಧಾನವೆಲ್ಲ ನಡುಮನೆಯಲ್ಲಿ ಕೂತವನಿಗೆ ಸಲ್ಲುತ್ತದೆ. ನಾನು ಅಷ್ಟು ಹೊತ್ತೂ ನಡುಮನೆಯಲ್ಲಿ ಕೂತು, ನನ್ನದಲ್ಲದ ಸಮಾಧಾನವನ್ನು ಎಣ್ಣೆಗಾಯಿ ಸಮೇತ ಸ್ವೀಕರಿಸಿದ್ದೆ. ತುಂಬ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ನಾಡಿದ್ದು ಬರಲಿರುವ ಗರಗಸದ ನೆನಪಾಗಿ ಭಯವಾಯಿತು. ಬೇಸಿಗೆ ಇನ್ನೂ ಮುಗಿದಿರಲಿಲ್ಲ, ಕಾಶವ್ವನ ತಗಡು ಎಲ್ಲಿಗೂ ಹೋಗುವಂತಿರಲಿಲ್ಲ.

ಮನೆಗೆ ಬಂದರೆ ಹುನ್ನೂರಿನಿಂದ ಶಾಂತಾಳ ಅಣ್ಣ ಸಂಗಪ್ಪ ಮಾತಾಡಿಸಲು ಬಂದು ಕೂತಿದ್ದರು. ಸಂಗಪ್ಪಣ್ಣನಿಗೆ ಕಬ್ಬಿನ ಗದ್ದೆ, ಒಂದು ಟ್ರ್ಯಾಕ್ಟರ್ ಮತ್ತು ಎಲ್ಲ ವಿಷಯಗಳ ಮೇಲೂ ಅಭಿಪ್ರಾಯ ಇವೆ. ಈ ಮೂರರಲ್ಲಿ ಮೊದಲಿನೆರಡನ್ನು ಮಾತ್ರ ನಂಬಬಹುದೆಂಬುದು ನನ್ನ ಅನುಭವ. ಅವರ ಸಲಹೆಯಂತೆ ನಾನು ಕೊಂಡ ಎಮ್ಮೆ ಹಾಲಿನ ಬದಲು ಒದೆಯನ್ನೇ ಕೊಟ್ಟಿತ್ತು. ಅವರು ಗುಂಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಒಂದ್ ಮಗ್ಗಲಾ ಬೇರು ಇನ್ನೂ ಮಣ್ಣಾಗ ಐತಿ. ಟೊಂಗಿ ಎಲ್ಲಾ ಕಡದು ಟ್ರ್ಯಾಕ್ಟರ್ ಹಚ್ಚಿ ಎಳದ್ರ ನೆಟ್ಟಗ ನಿಂದರತೈತಿ. ನಾ ಮೊಬೈಲಿನಾಗ ನೋಡೀನಿ," ಎಂದರು. ಬೇರೆ ದಿನವಾಗಿದ್ದರೆ ನಾನು ಎಮ್ಮೆಯ ಹೆಸರೆತ್ತುತ್ತಿದ್ದೆ. ಅಂದು ಅವರ ಕೈ ಹಿಡಿದುಕೊಂಡು, ಯಾವಾಗ ಬರುತ್ತೀರೆಂದು ಕೇಳಿದೆ. ತಮ್ಮ ಮಾತನ್ನು ಯಾರೋ ನಂಬಿದ್ದಕ್ಕೆ ಸ್ವತಃ ಅವರೇ ಗಾಬರಿಯಾದರು.

ಮರುದಿನ ಟ್ರ್ಯಾಕ್ಟರ್ ಬಂತು. ಗೋಡೆ ಬಿದ್ದದ್ದರಿಂದ ಒಳಗೆ ಬರಲು ದಾರಿಯಾಗಿತ್ತು. ಬಿರುಗಾಳಿ ನಮಗೆ ಮಾಡಿದ ಏಕೈಕ ಉಪಕಾರವದು. ಗಿಡ ಒರಗಿದ ದಿಕ್ಕಿಗೆ ಬೆನ್ನು ಮಾಡಿ ಟ್ರ್ಯಾಕ್ಟರ್ ನಿಂತಿತು. ಓಣಿಯವರು ಟೊಂಗೆ ಕಡಿದರು, ಬೊಡ್ಡೆಗೆ ಗೋಣಿತಟ್ಟು ಸುತ್ತಿದರು. ತೇರದಾಳದ ರಸ್ತೆಯ ರೈತರೊಬ್ಬರು ತಮ್ಮ ಅಜ್ಜನ ಕಾಲದಲ್ಲಿ ಬಾವಿಯ ನೀರು ಎಳೆಯುತ್ತಿದ್ದ ತೋಳಿನಷ್ಟು ದಪ್ಪದ ಹಗ್ಗಗಳನ್ನು, ನಮ್ಮ ಮಾತಿನಲ್ಲಿ ಮಿಣಿಗಳನ್ನು, ಅಟ್ಟದಿಂದ ಇಳಿಸಿಕೊಟ್ಟರು. ಬಲ ಹಾಕಲು ಗಂಡಸರೆಲ್ಲ ಕೈ ಹಚ್ಚಿದರು. ನಾನೂ ಹಚ್ಚಿದೆ, ಆದರೆ ಪಕ್ಕದವನ ಕೈಯನ್ನು ಹಗ್ಗವೆಂದು ತಿಳಿದು ಎಳೆದದ್ದು ಆಮೇಲೆ ಗೊತ್ತಾಯಿತು. ಒಮ್ಮೆ ಮಿಣಿ ಜಾರಿ ಗಿಡ ಮತ್ತೆ ವಾಲಿತು. ಎರಡನೆಯ ಸಲ ಅದು ನಿಧಾನವಾಗಿ, ನಿದ್ದೆಯಿಂದ ಎಬ್ಬಿಸಿದ ಹಿರಿಯರ ಹಾಗೆ ಗೊಣಗುತ್ತ ಎದ್ದು ನಿಂತಿತು. ಹೆಂಗಸರು ಕೊಡಗಟ್ಟಲೆ ನೀರು ಸುರಿದರು. ಕಾಶವ್ವ ಗುಂಡಿಗಿಳಿದು ಮಣ್ಣನ್ನು ಕಾಲಿನಿಂದ ತುಳಿತುಳಿದು ಗಟ್ಟಿ ಮಾಡಿದಳು. ಮರುದಿನ ಗರಗಸದವರು ಬಂದು, ನಿಂತ ಗಿಡವನ್ನು ನೋಡಿ, ವಿಳಾಸ ತಪ್ಪಿತೆಂದುಕೊಂಡು ಮುಂದಿನ ಓಣಿಗೆ ಹೋದರು.

ಗಿಡ ನಿಂತಿತೇನೋ ನಿಜ. ಆದರೆ ಅದಕ್ಕೆ ಒಂದು ಎಲೆಯೂ ಇರಲಿಲ್ಲ. ನಾಲ್ಕೂ ಕಡೆ ಗೂಟ ಹೊಡೆದು ಮಿಣಿ ಬಿಗಿದ ಬೋಳು ಬೊಡ್ಡೆ, ಆಸ್ಪತ್ರೆಯಲ್ಲಿ ಮಲಗಿದವರಷ್ಟೇ ಬಡವಾಗಿ ಕಾಣುತ್ತಿತ್ತು. ಶಾಂತಾ ದಿನಾ ಮುಂಜಾನೆ ಉಗುರಿನಿಂದ ತೊಗಟೆ ಕೆರೆದು ಒಳಗೆ ಹಸಿರಿದೆಯೇ ನೋಡುತ್ತಿದ್ದಳು. ಹಸಿರಿತ್ತು. ಆದರೆ ಹಸಿರು ಒಳಗಿದ್ದರೆ ಹೊರಗೆ ಕೂತವರಿಗೆ ನೆರಳಾಗುವುದಿಲ್ಲ. ಗಿಡವನ್ನು ಉಳಿಸಿದೆವು, ಕಾಶವ್ವನ ಬೇಸಿಗೆಯನ್ನು ಉಳಿಸಲಿಲ್ಲ ಎಂಬ ಅಳುಕು ನನ್ನನ್ನು ಬಿಡಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು, ಮಗ್ಗಗಳು ಮಾತಾಡತೊಡಗಿದವು, ನಮ್ಮ ಯಂತ್ರವೂ ಒಗೆಯತೊಡಗಿತು. ಒಂದು ದಿನ ಹಿಂಡಿದ ಅರಿವೆಗಳ ಬುಟ್ಟಿ ಹೊತ್ತು, ಲುಂಗಿಯನ್ನು ಕೈಯಲ್ಲಿ ಹಿಡಿದು ನಾನು ಅಂಗಳಕ್ಕೆ ಬಂದೆ. ಹರವಲು ಜಾಗವಿರಲಿಲ್ಲ. ಈ ಸಲ ಹಗ್ಗಗಳು ಬೇಕಾದಷ್ಟಿದ್ದವು. ಆದರೆ ಮಿಣಿಯಿಂದ ಮಿಣಿಗೆ ಓಣಿಯ ಹೆಂಗಸರ ಒದ್ದೆ ಸೀರೆಗಳು ಅಡ್ಡಡ್ಡ ಹರಡಿದ್ದವು. ಹಸಿರು, ಕೆಂಪು, ಇಳಕಲ್ಲಿನ ಸೆರಗು, ಶಾಂತಾಳ ಹಳೆಯ ನೀಲಿ. ಕೆಳಗೆ ತಂಪು ನೆರಳು. ನೆರಳಿನಲ್ಲಿ ರಾಟೆಗಳು ಗುಂಯ್ ಎನ್ನುತ್ತಿದ್ದವು. ಮೊದಲು ಗಿಡ ಹಗ್ಗವನ್ನು ಹಿಡಿದಿತ್ತು, ಈಗ ಹಗ್ಗ ಗಿಡವನ್ನು ಹಿಡಿದಿದೆ. ಬಾಗಿಲಿನ ವಿಷಯದಲ್ಲಿ ಶಾಂತಾ ಕೇಳಿದ ಪ್ರಶ್ನೆ ನೆನಪಾಗಿ ನನಗೆ ನಗು ಬಂತು.

ಕಾಶವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಎರಡು ಸೀರೆಗಳ ಸಂದಿನಿಂದ ಬಿಸಿಲಿನ ಒಂದು ಪಟ್ಟಿ ಅವಳ ಮಡಿಲಿನ ನೂಲಿನ ಮೇಲೆ ಬಿದ್ದಿತ್ತು.

"ಮಾಸ್ತರ, ಆ ಲುಂಗಿ ಇಲ್ಲೆ ಹಾಕ್ರಿ. ಚಿಗುರು ಬರೂತನಕಾ ಇರಲಿ."

ನಾನು ಕೈ ಎತ್ತಿ ಎಸೆದೆ. ಲುಂಗಿ ಸರಿಯಾಗಿ ಆ ಸಂದಿನ ಮೇಲೆಯೇ ಕೂತಿತು. ಅದರ ನಡುವೆ ಇದ್ದ ಹರಕಿನಿಂದ ಬಿಸಿಲಿನ ಒಂದು ಚುಕ್ಕೆ ಇನ್ನೂ ಒಳಗಿಳಿಯುತ್ತಿತ್ತು. ಕಾಶವ್ವ ನಗುತ್ತ ರಾಟೆಯನ್ನು ಒಂದು ಗೇಣು ಆಚೆಗೆ ಸರಿಸಿಕೊಂಡು ಸುತ್ತತೊಡಗಿದಳು.